ಮೇನಾರ್ಡ್ ಬೀದಿಯ ರಾತ್ರಿಪಾಳಿ

1960ರ ಅಕ್ಟೋಬರ್ 14, ನಡುರಾತ್ರಿ ಕಳೆದು ಎರಡು ಗಂಟೆ. ನೀವು ಅಮೆರಿಕದ ಆನ್ ಆರ್ಬರ್‌ನಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದ ಯೂನಿಯನ್ ಕಟ್ಟಡದ ಮೆಟ್ಟಿಲುಗಳೆದುರು ನಿಂತಿದ್ದೀರಿ. ಕಾಲಿಡಲು ಜಾಗವಿಲ್ಲ. ಹತ್ತು ಸಾವಿರ ಜನರಿದ್ದಾರೆಂದು ಅಂದಾಜು, ಹೆಚ್ಚಿನವರು ವಿದ್ಯಾರ್ಥಿಗಳು. ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಅಧ್ಯಕ್ಷ ಚುನಾವಣೆಯ ಎದುರಾಳಿ ನಿಕ್ಸನ್ ವಿರುದ್ಧ ಮೂರನೇ ಟೀವಿ ಚರ್ಚೆ ಮುಗಿಸಿ ವಿಮಾನ ಹತ್ತಿದ ಜಾನ್ ಕೆನಡಿ ಇಲ್ಲಿಗೆ ಬಂದದ್ದು ನಿದ್ದೆ ಮಾಡಲಿಕ್ಕೆ. ಈ ಗುಂಪು ನೋಡಿದ ಮೇಲೆ ಮಾತಾಡದೆ ಒಳಗೆ ಹೋಗುವಂತಿಲ್ಲ. ಡಾಕ್ಟರಾಗಲಿರುವ ನಿಮ್ಮಲ್ಲಿ ಎಷ್ಟು ಮಂದಿ ಘಾನಾಕ್ಕೆ ಹೋಗಿ ದುಡಿಯಲು ತಯಾರಿದ್ದೀರಿ ಎಂದು ಕೇಳುತ್ತಾರೆ. ಇಷ್ಟುದ್ದದ ಚಿಕ್ಕ ಭಾಷಣ ಎಂದೂ ಮಾಡಿರಲಿಲ್ಲ ಎಂದು ನಗುತ್ತಾರೆ. ಮಲಗಲು ಹೋಗುತ್ತಾರೆ.

ನೀವು ಮಲಗಬೇಡಿ. ಕೂಗಳತೆ ದೂರದಲ್ಲಿ ಮೇನಾರ್ಡ್ ಬೀದಿ, ಅದರಲ್ಲಿ 420ನೇ ನಂಬರಿನ ಕಟ್ಟಡ: ‘ಮಿಷಿಗನ್ ಡೈಲಿ’. ಕರಗಿದ ಸೀಸದ ವಾಸನೆ, ಲೈನೋಟೈಪ್ ಯಂತ್ರಗಳ ಖಣಖಣ, ಕರಡು ತಿದ್ದುವವರ ಕೆಂಪುಗಣ್ಣು. ವಿದ್ಯಾರ್ಥಿಗಳ ಈ ಪತ್ರಿಕೆ ಶುರುವಾದದ್ದು 1890ರ ಸೆಪ್ಟೆಂಬರ್ 29ರಂದು. ಏನು ಬರೆಯಬೇಕೆಂದು ವಿಶ್ವವಿದ್ಯಾಲಯ ಹೇಳುವ ಹಾಗಿಲ್ಲ. ಸಂಪಾದಕೀಯ ಸ್ವಾತಂತ್ರ್ಯಕ್ಕೆ ಎಷ್ಟು ವರ್ಷವಾಯಿತೆಂದು ಪತ್ರಿಕೆ ಹೆಮ್ಮೆಯಿಂದ ತಲೆಬರಹದಲ್ಲೇ ಹಾಕಿಕೊಳ್ಳುತ್ತದೆ. ಮುಂದೆ ದೊಡ್ಡ ನಾಟಕಕಾರನಾದ ಆರ್ಥರ್ ಮಿಲ್ಲರ್ ಮೂವತ್ತರ ದಶಕದಲ್ಲಿ ಇದರ ವರದಿಗಾರನಾಗಿದ್ದ. ಈಗಿನ ಸಂಪಾದಕ ಟಾಮ್ ಹೇಡನ್‌ಗೆ ವಯಸ್ಸು ಇಪ್ಪತ್ತು. ಇನ್ನೆರಡು ವರ್ಷದಲ್ಲಿ ಪೋರ್ಟ್ ಹ್ಯೂರಾನ್ ಹೇಳಿಕೆಯ ಕರಡು ಬರೆದು ಇಡೀ ದೇಶದ ವಿದ್ಯಾರ್ಥಿ ಚಳವಳಿಗೆ ದನಿ ಕೊಡಲಿರುವ ಹುಡುಗ.

ಆದರೆ ಕೆನಡಿಯ ಪ್ರಶ್ನೆಗೆ ಉತ್ತರ ಹೇಡನ್‌ನಿಂದ ಬರಲಿಲ್ಲ, ಮುಖಪುಟದಿಂದಲೂ ಬರಲಿಲ್ಲ. ಆ್ಯಲನ್ ಮತ್ತು ಜೂಡಿ ಗಸ್ಕಿನ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿ ದಂಪತಿ ಪತ್ರಿಕೆಗೊಂದು ಕಾಗದ ಬರೆದರು: ನಾವು ಹೋಗಲು ಸಿದ್ಧ, ನೀವೂ ಸಿದ್ಧರಿದ್ದರೆ ಬರೆದು ತಿಳಿಸಿ. ಅಷ್ಟೇ. ಓದುಗರ ಪತ್ರವೆಂದರೆ ಪುಟ ತುಂಬಿಸುವ ಸರಕೆಂದು ಮೂಗು ಮುರಿಯುವ ಉಪಸಂಪಾದಕರು ಎಲ್ಲ ಊರಲ್ಲೂ ಇದ್ದಾರೆ. ಅವರಿಗೆ ಈ ಕಾಗದ ತೋರಿಸಬೇಕು. ಸಹಿ ಸಂಗ್ರಹ ಶುರುವಾಗಿ ಸಾವಿರದ ಹತ್ತಿರ ಹೋಯಿತು. ನವೆಂಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆನಡಿ ಸ್ವಯಂಸೇವಕರನ್ನು ಹೊರದೇಶಗಳಿಗೆ ಕಳಿಸುವ ಯೋಜನೆಯನ್ನು ಬಾಯಿಬಿಟ್ಟು ಹೇಳಿದರು. 1961ರ ಮಾರ್ಚ್ 1ಕ್ಕೆ ‘ಪೀಸ್ ಕೋರ್’ ಹುಟ್ಟಿತು. ವರ್ಷಾಂತ್ಯದೊಳಗೆ ಅದರ ಸ್ವಯಂಸೇವಕರು ಭಾರತಕ್ಕೂ ಬಂದಿಳಿದರು.

ಈಗ ಆ ರಾತ್ರಿಯಿಂದ ಒಂಬತ್ತು ವರ್ಷ ಮುಂದಕ್ಕೆ ಬನ್ನಿ. ವಿದ್ಯಾರ್ಥಿ ಫ್ರೆಡ್ ಲಬೋರ್‌ನ ಬೆನ್ನ ಹಿಂದೆ ನಿಂತಿದ್ದೀರಿ. ಡೈಲಿಗೆ ಅವನು ಬೀಟಲ್ಸ್ ತಂಡದ ಹೊಸ ರೆಕಾರ್ಡು ‘ಆ್ಯಬಿ ರೋಡ್’ನ ವಿಮರ್ಶೆ ಬರೆದುಕೊಡಬೇಕು. ತಂಡದ ಪಾಲ್ ಮೆಕಾರ್ಟ್ನಿ ಸತ್ತುಹೋಗಿದ್ದಾನಂತೆ ಎಂದು ಯಾರೋ ಡೆಟ್ರಾಯಿಟ್ ರೇಡಿಯೋಗೆ ಫೋನ್ ಮಾಡಿದ್ದು ಅವನ ಕಿವಿಗೆ ಬಿದ್ದಿದೆ. ಅಯೋವಾದ ಡ್ರೇಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ಹಿಂದಿನ ತಿಂಗಳೇ ಈ ಗಾಳಿಮಾತನ್ನು ಅಚ್ಚು ಹಾಕಿತ್ತು. ರೆಕಾರ್ಡಿನ ಹೊದಿಕೆ ನೋಡಿ: ಬಿಳಿ ಸೂಟಿನ ಲೆನನ್ ಪಾದ್ರಿ, ಕಪ್ಪು ಬಟ್ಟೆಯ ರಿಂಗೊ ಶವಸಂಸ್ಕಾರದವ, ಜೀನ್ಸ್ ತೊಟ್ಟ ಹ್ಯಾರಿಸನ್ ಗುಂಡಿ ತೋಡುವವ, ಬರಿಗಾಲ ಪಾಲ್ ಹೆಣ. ಪುರಾವೆ ಸಾಲದೆನಿಸಿದಲ್ಲಿ ಲಬೋರ್ ಹೊಸದಾಗಿ ಹುಟ್ಟಿಸುತ್ತಾನೆ. ಪಾಲ್‌ನಂತೆ ಕಾಣುವವರ ಸ್ಪರ್ಧೆಯಲ್ಲಿ ಗೆದ್ದು ಅವನ ಜಾಗಕ್ಕೆ ಬಂದನೆನ್ನಲಾದ ವಿಲಿಯಂ ಕ್ಯಾಂಪ್‌ಬೆಲ್ ಇವನ ತಲೆಯಿಂದಲೇ ಇಳಿದವನು.

ಮೆಕಾರ್ಟ್ನಿ ಸತ್ತ, ಹೊಸ ಸಾಕ್ಷ್ಯ ಸಿಕ್ಕಿತು ಎಂಬ ತಲೆಬರಹದಡಿ ಲೇಖನ ಹೊರಬಿದ್ದದ್ದು 1969ರ ಅಕ್ಟೋಬರ್ 14ರಂದು, ಹಳೆಯ ತಾರೀಖೇ. ಓದಿದವರಿಗೆ ಕುಚೋದ್ಯವೆಂದು ಹೊಳೆಯಲೇ ಇಲ್ಲ. ‘ಲೈಫ್’ ಪತ್ರಿಕೆಯವರು ಸ್ಕಾಟ್ಲೆಂಡಿನ ತೋಟದ ಮನೆಗೆ ಹುಡುಕಿಕೊಂಡು ಹೋದಾಗ ಬದುಕಿದ್ದ ಪಾಲ್ ಆ ಪತ್ರಕರ್ತರ ಮೇಲೆ ಬಕೆಟ್ ನೀರು ಎರಚಿದ, ಆಮೇಲೆ ರಾಜಿಯಾಗಿ ಸಂದರ್ಶನ ಕೊಟ್ಟ. ಇತ್ತ ಲಾಸ್ ಏಂಜಲೀಸ್‌ನ ಟೀವಿ ಸ್ಟುಡಿಯೋದಲ್ಲಿ ಅಣಕು ವಿಚಾರಣೆ. ಪಾಟೀಸವಾಲು ಹಾಕುವವರು ಹೆಸರಾಂತ ವಕೀಲ ಎಫ್. ಲೀ ಬೇಲಿ, ಸಾಕ್ಷಿಗಳಲ್ಲಿ ಒಬ್ಬ ಲಬೋರ್. ಎಲ್ಲ ನಾನೇ ಕಟ್ಟಿದ್ದು ಸಾರ್ ಎಂದು ಹುಡುಗ ಮೊದಲೇ ತಪ್ಪೊಪ್ಪಿಕೊಂಡ. ಒಂದು ಗಂಟೆಯ ಕಾರ್ಯಕ್ರಮ ಮಾಡಬೇಕಿದೆ, ಸುಮ್ಮನೆ ಜೊತೆಗೆ ಬಾ ಎಂಬರ್ಥದಲ್ಲಿ ಹೇಳಿದರು ಬೇಲಿ. ಹುಡುಗ ಹೋಗಿ ಕೂತ.