ಮಡಚುವ ಕ್ಯಾಮೆರಾದೊಡನೆ ನಕಾನೋ ಊರಿಗೆ

ಪ್ರವಾಸಕ್ಕೆ ಹೊರಡುವ ಗೃಹಸ್ಥನಿಗೆ ಹೊರೆಯೆಂಬುದು ಸಣ್ಣ ಮಾತಲ್ಲ. ಬಟ್ಟೆಬರೆ, ಮಕ್ಕಳ ತಿಂಡಿ, ಔಷಧದ ಪೊಟ್ಟಣ ಇವೆಲ್ಲವನ್ನೂ ಕಟ್ಟಿ ಮುಗಿಸಿದ ಮೇಲೆ ಕ್ಯಾಮೆರಾಕ್ಕೆ ಎಡೆಯಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಫಿಲ್ಮಿನ ಮೇಲೆ ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಪೆಟ್ಟಿಗೆಯನ್ನು ಹೊರಬೇಕು. ಸಣ್ಣ ಪೆಟ್ಟಿಗೆ ಸಾಕೆಂದರೆ ಸಣ್ಣ ಚಿತ್ರದಿಂದ ತೃಪ್ತಿಪಡಬೇಕು. ಈ ಎರಡು ಕಷ್ಟಗಳ ನಡುವೆ ಹಿಂದಿನವರು ಕಂಡುಕೊಂಡ ಉಪಾಯವೇ ಮಡಚುವ ಕ್ಯಾಮೆರಾ. ಕಮ್ಮಾರನ ಕುಲುಮೆಯಲ್ಲಿಯೂ ಹಾರ್ಮೋನಿಯಮ್ಮಿನಲ್ಲಿಯೂ ಇರುವಂಥ ತಿದಿಯೊಂದು ಅದರ ಹೊಟ್ಟೆಯಲ್ಲಿರುವುದು. ಬೇಕಾದಾಗ ತಿದಿಯನ್ನು ಹಿಗ್ಗಿಸಿದರೆ ಮಸೂರವು ಮುಂದೆ ಬಂದು ನಿಲ್ಲುತ್ತದೆ; ಕೆಲಸ ಮುಗಿದ ಮೇಲೆ ಮಡಚಿದರೆ ಪೆಟ್ಟಿಗೆಯು ದಪ್ಪ ಪುಸ್ತಕದಷ್ಟಾಗಿ ಚೀಲವನ್ನು ಸೇರುತ್ತದೆ.

ಇದು ಹಳೆಯ ಯುಕ್ತಿ. ಇಂದಿಗೂ ದೊರೆಯುವ 120 ಎಂಬ ಹೆಸರಿನ ಅಗಲವಾದ ಫಿಲ್ಮು ಸುರುಳಿಯನ್ನು ಕೊಡಾಕ್ ಸಂಸ್ಥೆಯು 1901ರಲ್ಲಿ ಹೊರಡಿಸಿತು. ಮುಂದೆ ಅದೇ ಸುರುಳಿಗಾಗಿ ಬಗೆಬಗೆಯ ಮಡಚುವ ಕ್ಯಾಮೆರಾಗಳು ಹುಟ್ಟಿದವು. ಜರ್ಮನಿಯ ಜೈಸ್ ಐಕಾನ್ ಸಂಸ್ಥೆಯ ಸೂಪರ್ ಐಕಾಂಟಾ 1934ರಲ್ಲಿ ಬಂದಿತು. ಜಪಾನಿನ ಮಾಮಿಯಾ ಸಿಕ್ಸ್ 1940ರಲ್ಲಿ ಬಂದಿತು. ಫುಜಿ ಸಂಸ್ಥೆಯು 1948ರಲ್ಲಿ ಮೊತ್ತಮೊದಲು ಮಾರಿದ ಕ್ಯಾಮೆರಾ, ಫುಜಿಕಾ ಸಿಕ್ಸ್, ಸಹ ಮಡಚುವುದೇ ಆಗಿತ್ತು. ನಮ್ಮ ನಾಡಿನ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿಯೂ ಇಂಥದೊಂದು ಕ್ಯಾಮೆರಾ ಒಮ್ಮೊಮ್ಮೆ ಕಾಣಸಿಗುವುದುಂಟು. ಕಪ್ಪು ಹಾಳೆಯ ಆಲ್ಬಮ್ಮಿನಲ್ಲಿ ಅಂಚು ಬಿಳುಪಾದ, ಅಂಗೈಗಿಂತ ಚಿಕ್ಕದಾದ ಅಜ್ಜ ಅಜ್ಜಿಯರ ಚಿತ್ರಗಳನ್ನು ಕಂಡವರು, ಇಂಥ ಕ್ಯಾಮೆರಾಗಳು ಕೊಟ್ಟ ಬೆಳಸು ಎಂಥದೆಂಬುದನ್ನು ಬಲ್ಲರು. ಅನಂತರ ಸಣ್ಣ ಫಿಲ್ಮಿನ ಕ್ಯಾಮೆರಾಗಳು ಬಳಕೆಗೆ ಬಂದು, 1960ರ ವೇಳೆಗೆ ಮಡಚುವ ಕ್ಯಾಮೆರಾಗಳ ತಯಾರಿಕೆಯು ಬಹುಮಟ್ಟಿಗೆ ನಿಂತುಹೋಯಿತು.

ಹೀಗೆ ಮುಗಿದುಹೋಯಿತೆಂದು ಎಲ್ಲರೂ ತಿಳಿದಿದ್ದ ವಸ್ತುವನ್ನು ಮತ್ತೆ ಹೊಸದಾಗಿ ಮಾಡಿದವರು ಉಂಟೆಂಬುದೇ ಈ ಬರೆಹಕ್ಕೆ ಕಾರಣ. 2008ರಲ್ಲಿ ಜರ್ಮನಿಯ ಕಲೋನ್ ನಗರದ ಫೋಟೋಕಿನಾ ಪ್ರದರ್ಶನದಲ್ಲಿ ಹೊಚ್ಚ ಹೊಸ ಮಡಚುವ ಕ್ಯಾಮೆರಾವೊಂದನ್ನು ಜನರ ಮುಂದಿಟ್ಟರು. ಜಗತ್ತೆಲ್ಲವೂ ಫಿಲ್ಮನ್ನು ಬಿಟ್ಟು ಡಿಜಿಟಲ್ ಕ್ಯಾಮೆರಾದ ಹಿಂದೆ ಓಡುತ್ತಿದ್ದ ಕಾಲವದು. ಫುಜಿಫಿಲ್ಮ್ ಮತ್ತು ಕೊಸಿನಾ ಎಂಬ ಎರಡು ಜಪಾನೀ ಸಂಸ್ಥೆಗಳು ಕೂಡಿ ರೂಪಿಸಿದ ಈ ಕ್ಯಾಮೆರಾವು 2009ರಲ್ಲಿ ಅಂಗಡಿಗೆ ಬಂದಿತು. ಜಪಾನಿನಲ್ಲಿ ಅದಕ್ಕೆ ಫುಜಿಫಿಲ್ಮ್ ಜಿ.ಎಫ್. 670 ಎಂದು ಹೆಸರು. ಹೊರದೇಶಗಳಲ್ಲಿ ಫೋಯ್ಕ್ಟ್‌ಲೆಂಡರ್ ಬೆಸ್ಸಾ ಮೂರು ಎಂದೂ ಮಾರಿದರು. ಅದನ್ನು ತಯಾರಿಸಿದ ಕೊಸಿನಾ ಸಂಸ್ಥೆಯ ನೆಲೆಯು ಟೋಕಿಯೋದಂಥ ಮಹಾನಗರದಲ್ಲಿಲ್ಲ. ನಾಗಾನೋ ಪ್ರಾಂತದ ಬೆಟ್ಟಗಳ ಮಡಿಲಲ್ಲಿರುವ, ಸೇಬಿಗೂ ದ್ರಾಕ್ಷಿಗೂ ಹೆಸರಾದ ನಕಾನೋ ಎಂಬ ಊರಿನಲ್ಲಿದೆ. ಆ ಕ್ಯಾಮೆರಾವನ್ನು ಅದರ ತವರಿಗೇ ಕೊಂಡೊಯ್ದು, ಒಂದೇ ಒಂದು ಸುರುಳಿಯಲ್ಲಿ ಒಂದು ದಿನದ ಚಿತ್ರಗಳನ್ನು ತೆಗೆಯಬೇಕೆಂಬ ಆಸೆ ನನಗೆ ಹುಟ್ಟಿತು. ಒಂದು ಸುರುಳಿಗೆ ಹತ್ತೇ ಚಿತ್ರಗಳು.

ಅಕ್ಟೋಬರ್ ತಿಂಗಳಿನ ಒಂದು ಮುಂಜಾನೆ ಟೋಕಿಯೋದಿಂದ ಹೊರಟೆನು. 1997ರಲ್ಲಿ ತೆರೆದ ಷಿಂಕಾನ್ಸೆನ್ ಮಾರ್ಗದ ವೇಗದ ರೈಲು ಸುಮಾರು ಒಂದೂವರೆ ಗಂಟೆಯಲ್ಲಿ ನಾಗಾನೋ ನಗರವನ್ನು ಮುಟ್ಟಿಸುತ್ತದೆ. ಅಲ್ಲಿ ಇಳಿದವರು ಮೊದಲು ಕಾಣತಕ್ಕದ್ದು ಜೆಂಕೋಜಿ ಎಂಬ ಬೌದ್ಧ ದೇವಾಲಯ. ಈಗಿರುವ ಮುಖ್ಯ ಮಂದಿರವು 1707ರಲ್ಲಿ ಕಟ್ಟಿದ್ದು. ಅದರ ಗರ್ಭಗುಡಿಯ ಅಡಿಯಲ್ಲಿ ಒಂದು ಸುರಂಗವಿದೆ. ಯಾತ್ರಿಕರು ಕಣ್ಣಿಗೆ ಏನೇನೂ ಕಾಣದ ಆ ಕತ್ತಲೆಯಲ್ಲಿ ಗೋಡೆಯನ್ನು ಕೈಯಿಂದ ತಡವುತ್ತ ನಡೆದು, ಅಲ್ಲಿರುವ ಬೀಗದ ಕೈಯನ್ನು ಮುಟ್ಟಿ ಪುಣ್ಯ ಪಡೆಯುತ್ತಾರೆ. ಒಳಗೆ ಚಿತ್ರ ತೆಗೆಯಲು ಅಪ್ಪಣೆಯಿಲ್ಲ. ಹೊರಗೆ ಬಂದು, ದೊಡ್ಡ ಧೂಪಪಾತ್ರೆಯ ಹೊಗೆಯನ್ನು ಕೈಯಿಂದ ಮೈಮೇಲೆ ಎಳೆದುಕೊಳ್ಳುತ್ತಿದ್ದ ಜನರನ್ನು ನೋಡುತ್ತ ನಿಂತು, ನನ್ನ ಮೊದಲ ಚಿತ್ರವನ್ನು ತೆಗೆದೆನು.

ತೆಗೆಯುವ ಕ್ರಮವನ್ನು ಇಲ್ಲಿಯೇ ಹೇಳಿಬಿಡುವೆನು. ಗುಂಡಿಯೊತ್ತಿ ಮುಂಬಾಗಿಲನ್ನು ಪೂರ್ತಿಯಾಗಿ ತೆರೆದರೆ ಉಕ್ಕಿನ ಕಂಬಿಗಳು ನೆಟ್ಟಗಾಗಿ ಬಿಗಿಯುತ್ತವೆ. ಅವುಗಳ ನಡುವೆ ಕಪ್ಪು ತಿದಿಯು ಹಿಗ್ಗಿ, 80 ಮಿಲಿಮೀಟರಿನ ಮಸೂರವು ಮುಂದೆ ಬಂದು ನಿಲ್ಲುತ್ತದೆ. ನೋಡುವ ಕಿಂಡಿಯಲ್ಲಿ ವಸ್ತುವಿನ ಎರಡು ಬಿಂಬಗಳು ಕಾಣುತ್ತವೆ. ಮಸೂರದ ಉಂಗುರವನ್ನು ತಿರುಗಿಸುತ್ತ ಎರಡೂ ಒಂದಾಗಿ ಕೂಡಿದ ಕ್ಷಣದಲ್ಲಿ ದೂರವು ಸರಿಯಾಯಿತೆಂದು ತಿಳಿಯತಕ್ಕದ್ದು. ಬೆಳಕನ್ನಳೆಯುವ ಯಂತ್ರವು ಒಳಗೇ ಇದೆ. ಷಟರು ಮಸೂರದೊಳಗೇ ಇರುವುದರಿಂದ ಸದ್ದು ಬಲು ಮೆಲ್ಲಗೆ. ಪಕ್ಕದಲ್ಲಿದ್ದವರಿಗೂ ಕೇಳಿಸುವುದು ಕಷ್ಟ. ಮಡಚಬೇಕಾದರೆ ಮಸೂರವನ್ನು ಮೊದಲು ಅನಂತದ ಗುರುತಿಗೆ ತಿರುಗಿಸಬೇಕು. ಹಾಗಲ್ಲದೆ ಬಾಗಿಲು ಮುಚ್ಚದು. ಇಷ್ಟೆಲ್ಲ ಸೇರಿ ತೂಕ ಒಂದು ಕಿಲೋಗ್ರಾಮು, ಮಡಚಿದಾಗ ದಪ್ಪ 64 ಮಿಲಿಮೀಟರು. ಆದರೆ ಇದರಲ್ಲಿ ಮೂಡುವ ಚಿತ್ರದ ವಿಸ್ತೀರ್ಣವು ಸಾಮಾನ್ಯ 35 ಮಿಲಿಮೀಟರು ಫಿಲ್ಮಿನ ಚಿತ್ರದ ನಾಲ್ಕೂವರೆ ಪಟ್ಟಿನಷ್ಟು. ಬೇಕಾದರೆ ಚೌಕಾಕಾರದ ಹನ್ನೆರಡು ಚಿತ್ರಗಳನ್ನೂ ತೆಗೆಯಬಹುದು. ಆದರೆ ಅದನ್ನು ಸುರುಳಿ ಹಾಕುವ ಮುಂಚೆಯೇ ನಿಶ್ಚಯಿಸಿಕೊಳ್ಳಬೇಕು.

ಹಳೆಯದೇ ಇರುವಾಗ ಹೊಸದರ ಹಂಬಲವೇಕೆಂದು ಕೇಳುವವರು ಉಂಟು. ಪ್ರಶ್ನೆ ನ್ಯಾಯವಾದದ್ದೇ. ಎಪ್ಪತ್ತು ವರ್ಷದ ತಿದಿಯು ಮಡಿಕೆಗಳಲ್ಲಿ ಸವೆದು ಸೂಜಿಮೊನೆಯಷ್ಟು ತೂತುಗಳಾಗಿರುತ್ತವೆ. ಆ ತೂತಿನಿಂದ ಬಂದ ಬೆಳಕು ಫಿಲ್ಮನ್ನು ಕೆಡಿಸುತ್ತದೆ. ಕಂಬಿಗಳು ಸಡಿಲವಾದರೆ ಮಸೂರವು ಓರೆಯಾಗಿ ಚಿತ್ರದ ಒಂದು ಬದಿ ಮಸುಕಾಗುತ್ತದೆ. ಹೊಸದರಲ್ಲಿ ಈ ಭಯವಿಲ್ಲ. ಹಿಂದಿನವರ ಯುಕ್ತಿಗೆ ಇಂದಿನವರ ಮಸೂರವೂ ಬಿಗುವೂ ಕೂಡಿಬಂದಾಗ, ದೂರದ ಊರಿಗೆ ಹೋದವನು ನೆಮ್ಮದಿಯಿಂದ ಕೆಲಸ ಮಾಡಬಹುದು. ಇದೇ ಅದರ ದೊಡ್ಡ ಆಕರ್ಷಣೆ.

ನಾಗಾನೋದಿಂದ ಮುಂದಕ್ಕೆ ನಾಗಾನೋ ಎಲೆಕ್ಟ್ರಿಕ್ ರೈಲ್ವೆಯೆಂಬ ಚಿಕ್ಕ ಮಾರ್ಗವುಂಟು. ಟೋಕಿಯೋದ ಒಡಾಕ್ಯು ಮಾರ್ಗದಲ್ಲಿ ಓಡಿ ನಿವೃತ್ತವಾದ ಸೊಗಸಾದ ಬಂಡಿಗಳನ್ನು ಈ ಮಾರ್ಗದವರು ತಂದು 2006ರಿಂದ ಓಡಿಸತೊಡಗಿದರು. ರೈಲು ಚಿಕುಮಾ ನದಿಯನ್ನು ದಾಟುತ್ತದೆ. ಈ ನದಿಯೇ ಮುಂದೆ ಷಿನಾನೋ ಎಂಬ ಹೆಸರು ಪಡೆದು, 367 ಕಿಲೋಮೀಟರು ಹರಿದು, ಜಪಾನಿನ ಅತಿ ಉದ್ದದ ನದಿಯೆನಿಸಿಕೊಂಡಿದೆ. ಎದುರಿಗೆ ಕುಳಿತಿದ್ದ ವೃದ್ಧರೊಬ್ಬರು ನನ್ನ ಮಡಿಲಿನಲ್ಲಿದ್ದ ಕ್ಯಾಮೆರಾವನ್ನು ಬಹಳ ಹೊತ್ತು ನೋಡಿ, “ಸ್ಪ್ರಿಂಗ್ ಕ್ಯಾಮೆರಾ” ಎಂದರು. ಜಪಾನೀಯರು ಮಡಚುವ ಕ್ಯಾಮೆರಾವನ್ನು ಕರೆಯುವುದು ಹಾಗೆಯೇ. ತಮ್ಮ ತಂದೆಯ ಬಳಿ ಇಂಥದೊಂದಿತ್ತೆಂದೂ, ಹೊಸ ವರ್ಷದ ದಿನ ಮನೆಯವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಒಂದೇ ಒಂದು ಚಿತ್ರ ತೆಗೆಯುತ್ತಿದ್ದರೆಂದೂ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದರು. ಬಾಗಿಲನ್ನು ತೆರೆದು ತೋರಿಸಿದೆನು. ತಿದಿಯ ಮಡಿಕೆಗಳ ಹತ್ತಿರ ಬೆರಳನ್ನು ತಂದು, ಮುಟ್ಟದೆ, ನಕ್ಕರು.

ಒಬುಸೆ ಎಂಬ ಊರಿನಲ್ಲಿ ಇಳಿದೆನು. ಚೆಸ್ಟ್‌ನಟ್ ಎಂಬ ಕಾಯಿಗೂ ಹೊಕುಸಾಯ್ ಎಂಬ ಮಹಾ ಚಿತ್ರಕಾರನ ನೆನಪಿಗೂ ಈ ಊರು ಪ್ರಸಿದ್ಧ. 1760ರಲ್ಲಿ ಹುಟ್ಟಿದ ಹೊಕುಸಾಯ್ ತನ್ನ ಎಂಬತ್ತು ವರ್ಷಗಳನ್ನು ಕಳೆದ ಮೇಲೆ, ತಾಕಾಯ್ ಕೋಜಾನ್ ಎಂಬ ಗೃಹಸ್ಥನ ಆಶ್ರಯದಲ್ಲಿ ಇಲ್ಲಿ ಇದ್ದು ಚಿತ್ರ ಬರೆದನು. ಆಗಿನ ಟೋಕಿಯೋದಿಂದ ಇಲ್ಲಿಗೆ ಬೆಟ್ಟದ ದಾರಿಯಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ಪಯಣ. ಊರ ಹೊರಗಿನ ಗಾನ್‌ಷೋ-ಇನ್ ದೇವಾಲಯದ ಮಾಳಿಗೆಯಲ್ಲಿ ಅವನ ಫೀನಿಕ್ಸ್ ಪಕ್ಷಿಯು ಇಪ್ಪತ್ತೊಂದು ಚಾಪೆಗಳಷ್ಟು ಅಗಲಕ್ಕೆ ರೆಕ್ಕೆ ಹರಡಿ ಕೂತಿದೆ. ಎಲ್ಲಿ ನಿಂತು ನೋಡಿದರೂ ಅದರ ಕಣ್ಣು ನಮ್ಮನ್ನೇ ನೋಡುವಂತೆ ತೋರುವುದು. ಅಲ್ಲಿಯೂ ಚಿತ್ರ ತೆಗೆಯುವಂತಿಲ್ಲ. ತೆಗೆಯುವಂತಿದ್ದರೂ ನಾನು ತೆಗೆಯುತ್ತಿರಲಿಲ್ಲವೆಂದು ಕಾಣುತ್ತದೆ. ಹಿಂದುಗಡೆಯ ಪುಟ್ಟ ಕೊಳವೊಂದಕ್ಕೆ ಕವಿ ಇಸ್ಸನ ನಂಟುಂಟು. ಸೊರಗಿದ ಕಪ್ಪೆಯೊಂದರ ಪರವಾಗಿ ಅವನು ಹಾಡಿದ ಕಿರುಗವಿತೆಯು ಈ ಕೊಳದ ಕಪ್ಪೆಗಳದೇ ಎನ್ನುತ್ತಾರೆ. ಆ ಕೊಳದ ದಡದಲ್ಲಿ ಒಂದು, ಚೆಸ್ಟ್‌ನಟ್ ಮರದ ತುಂಡುಗಳನ್ನು ಹಾಸಿದ ಕಾಲುದಾರಿಯಲ್ಲಿ ಒಂದು, ಹೀಗೆ ಚಿತ್ರಗಳು ವೆಚ್ಚವಾಗುತ್ತ ಹೋದವು. ಪ್ರತಿ ಸಲವೂ ಮನಸ್ಸು “ಇದು ಬೇಕೆ? ಉಳಿದವು ಎಷ್ಟು?” ಎಂದು ಲೆಕ್ಕ ಹಾಕುತ್ತಿತ್ತು. ತಿಂಗಳ ಕೊನೆಯ ವಾರದಲ್ಲಿ ಗೃಹಿಣಿಯು ಡಬ್ಬಿಯೊಳಗಿನ ಸಕ್ಕರೆಯನ್ನು ನೋಡುವ ನೋಟವಿದು. ಕೊರತೆಯಿಂದ ಬಂದ ಈ ಎಚ್ಚರದಲ್ಲಿ ಒಂದು ಬಗೆಯ ಸುಖವಿದೆ. ತೆಗೆಯದೆ ಬಿಟ್ಟ ಎಷ್ಟೋ ನೋಟಗಳನ್ನು ನಾನು ನಿಧಾನವಾಗಿ, ಕಣ್ಣಾರೆ ನೋಡಿದೆನು.

ನಕಾನೋ ಊರನ್ನು ಮುಟ್ಟುವ ವೇಳೆಗೆ ಮಧ್ಯಾಹ್ನ ಕಳೆದಿತ್ತು. ಒಂದು ಪಕ್ಕದಲ್ಲಿ 1351 ಮೀಟರು ಎತ್ತರದ ಕೋಷಾ ಬೆಟ್ಟ. ದೂರದಲ್ಲಿ ಉತ್ತರ ಷಿನಾನೋದ ಐದು ಶಿಖರಗಳ ಸಾಲು. ಮಣ್ಣಿನ ಬೊಂಬೆಗಳಿಗೂ ಅಣಬೆಗೂ ಈ ಊರು ಹೆಸರಾಗಿದೆ. ಜಪಾನಿನ ಪ್ರತಿಯೊಂದು ಮಗುವೂ ಬಲ್ಲ ‘ಫುರುಸಾತೊ’, ಅಂದರೆ ‘ಹುಟ್ಟೂರು’ ಎಂಬ ಹಾಡನ್ನು ಬರೆದ ತಕಾನೋ ತತ್ಸುಯುಕಿ ಈ ಸೀಮೆಯವನೇ. ಕೊಸಿನಾ ಸಂಸ್ಥೆಯೂ ಹುಟ್ಟೂರನ್ನು ಮರೆತದ್ದಲ್ಲ. 1959ರಲ್ಲಿ ಮಸೂರಗಳನ್ನು ಉಜ್ಜುವ ಕಾರ್ಖಾನೆಯಾಗಿ ಮೊದಲಾದ ಅದು 1973ರಲ್ಲಿ ಈಗಿನ ಹೆಸರನ್ನು ತಳೆಯಿತು. ಸ್ಥಾಪಕರ ನೆಲೆಯಾದ ಕೋಷಿ ಎಂಬ ಪ್ರದೇಶದ ಹೆಸರಿಗೆ ನಕಾನೋದ ‘ನ’ಕಾರವನ್ನು ಸೇರಿಸಿದರೆ ಆ ಹೆಸರಾಗುತ್ತದೆ. ಬಹುಕಾಲ ಬೇರೆಯವರ ಹೆಸರಿನಲ್ಲಿ ಕ್ಯಾಮೆರಾಗಳನ್ನು ಮಾಡಿಕೊಟ್ಟ ಈ ಸಂಸ್ಥೆಯು 1999ರಿಂದ ಫೋಯ್ಕ್ಟ್‌ಲೆಂಡರ್ ಎಂಬ ಹಳೆಯ ಹೆಸರನ್ನು ಬಳಸುವ ಹಕ್ಕು ಪಡೆಯಿತು. 1756ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, 1849ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿ ಬೇರೂರಿ, 1970ರ ದಶಕದ ಮೊದಲಲ್ಲಿ ಅಲ್ಲಿ ಬಾಗಿಲು ಮುಚ್ಚಿದ ಮನೆತನದ ಹೆಸರು, ಸೇಬಿನ ತೋಟಗಳ ನಡುವೆ ಮತ್ತೆ ಜೀವ ತಳೆದದ್ದು ಹೀಗೆ.

ಕಾರ್ಖಾನೆಯ ಒಳಹೊಕ್ಕು ನೋಡುವುದು ನನ್ನ ಉದ್ದೇಶವಾಗಿರಲಿಲ್ಲ. ಆ ಕೈಗಳು ಯಾವ ಬೆಳಕಿನಲ್ಲಿ, ಯಾವ ಬೆಟ್ಟದ ನೆರಳಿನಲ್ಲಿ ಕೆಲಸ ಮಾಡಿದವೆಂದು ನೋಡಿದರೆ ಸಾಕಾಗಿತ್ತು. ಊರಂಚಿನ ತೋಟವೊಂದರಲ್ಲಿ ವಯಸ್ಸಾದ ದಂಪತಿಗಳು ಸೇಬುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರೆಬೇರೆ ಬುಟ್ಟಿಗಳಿಗೆ ಹಾಕುತ್ತಿದ್ದರು. ಕೈಸನ್ನೆಯಿಂದ ಅನುಮತಿ ಬೇಡಿದೆನು. ಆಕೆ ತಲೆಯ ಬಟ್ಟೆಯನ್ನು ಸರಿಪಡಿಸಿಕೊಂಡರು. ಆತ ಕೈಯನ್ನು ಒರೆಸಿಕೊಂಡು ನೆಟ್ಟಗೆ ನಿಂತರು. ಎರಡು ಬಿಂಬಗಳು ಆಕೆಯ ಕಣ್ಣಿನ ಮೇಲೆ ಒಂದಾದಾಗ ಗುಂಡಿಯನ್ನೊತ್ತಿದೆನು. ಅವರು ಕದಲಲಿಲ್ಲ. ಷಟರಿನ ಸದ್ದು ಕೇಳದುದರಿಂದ, ಚಿತ್ರ ತೆಗೆದಾಯಿತೆಂದೇ ಅವರಿಗೆ ತಿಳಿದಿರಲಿಲ್ಲ. ನಾನು ತಲೆಬಾಗಿಸಿದ ಮೇಲೆ ಇಬ್ಬರೂ ನಗತೊಡಗಿದರು. ಆ ನಗುವಿಗೆ ನನ್ನ ಹತ್ತನೆಯ ಚಿತ್ರವನ್ನು ಕೊಟ್ಟೆನು. ಸುರುಳಿ ಮುಗಿಯಿತು. ಅವರು ಚೀಟಿಯೊಂದರಲ್ಲಿ ವಿಳಾಸ ಬರೆದು, ಅದರ ಜೊತೆಗೆ ಎರಡು ಸೇಬುಗಳನ್ನು ಕೈಯಲ್ಲಿಟ್ಟರು.

ಊರಿಗೆ ಮರಳುವಾಗ ಸುರುಳಿಯನ್ನು ವಿಮಾನ ನಿಲ್ದಾಣದ ಕ್ಷಕಿರಣ ಯಂತ್ರಕ್ಕೆ ಹಾಕದೆ ಕೈಯಿಂದಲೇ ಪರೀಕ್ಷಿಸಬೇಕೆಂದು ಬೇಡಿಕೊಂಡೆನು; ಹೊಸ ಬಗೆಯ ಯಂತ್ರಗಳು ಫಿಲ್ಮನ್ನು ಕೆಡಿಸುತ್ತವೆ. ಮನೆಯಲ್ಲಿ ತೊಳೆದು ಒಣಗಿಸಿದಾಗ, ಆ ಹತ್ತೂ ಚಿತ್ರಗಳು ಭೂತಗನ್ನಡಿಯ ಹಂಗಿಲ್ಲದೆ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿದ್ದವು. ಆ ದಂಪತಿಗಳಿಗೆ ಎರಡು ಪ್ರತಿಗಳನ್ನು ಅಂಚೆಯಲ್ಲಿ ಕಳುಹಿದೆನು.

ಈ ಕ್ಯಾಮೆರಾದ ಕಥೆಗೆ ಒಂದು ವಿಷಾದದ ಭಾಗವೂ ಉಂಟು. ಅಷ್ಟು ಆಸೆಯಿಂದ ಮಾಡಿದ ವಸ್ತುವಿನ ತಯಾರಿಕೆಯು ಹತ್ತು ವರ್ಷವೂ ನಡೆಯದೆ ನಿಂತುಹೋಯಿತು. ಈಗ ಅದು ಸಿಗುವುದು ಇನ್ನೊಬ್ಬರ ಕೈ ದಾಟಿದ ಮೇಲೆಯೇ. ಫಿಲ್ಮಿನ ಗತಿಯೂ ಹೀಗೆಯೇ ಆಗುವಂತಿತ್ತು. ನಾನು ಹಾಕಿದ್ದ ಅಕ್ರಾಸ್ ಎಂಬ ಕಪ್ಪುಬಿಳುಪು ಫಿಲ್ಮನ್ನು ನಿಲ್ಲಿಸುವೆವೆಂದು ಫುಜಿಫಿಲ್ಮ್ ಸಂಸ್ಥೆಯು 2018ರಲ್ಲಿ ಸಾರಿತು. ಬಳಸುವವರು ಬೇಡವೆಂದು ಕೇಳಿಕೊಂಡರು. ಸಂಸ್ಥೆಯು ಹೊಸ ವಿಧಾನವನ್ನು ಹುಡುಕಿ, 2019ರಲ್ಲಿ ಅದನ್ನೇ ಅಕ್ರಾಸ್ ಎರಡು ಎಂದು ಮತ್ತೆ ಹೊರತಂದಿತು. ವಸ್ತುಗಳು ಬಾಳುವುದು ಅವನ್ನು ಮಾಡುವವರಿಂದ ಮಾತ್ರವಲ್ಲ, ಬಳಸುವವರಿಂದಲೂ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದುದರಿಂದ ಮನೆಯ ಅಟ್ಟದಲ್ಲಿ ಮಡಚುವ ಕ್ಯಾಮೆರಾವೊಂದು ಮಲಗಿದ್ದರೆ ಅದನ್ನು ಕೆಳಗಿಳಿಸಿ ನೋಡತಕ್ಕದ್ದು. ಕತ್ತಲೆ ಕೋಣೆಯಲ್ಲಿ ಹಿಂಬಾಗಿಲು ತೆರೆದು, ಒಳಗೆ ಸಣ್ಣ ದೀಪ ಹಿಡಿದು, ತಿದಿಯ ಮಡಿಕೆಗಳಿಂದ ಬೆಳಕು ತೂರಿಬರುವುದೇ ಎಂದು ಪರೀಕ್ಷಿಸಿರಿ. ಬಾರದಿದ್ದರೆ ಒಂದು ಸುರುಳಿಯನ್ನು ತರಿಸಿ ಮನೆಯ ಹಿರಿಯರನ್ನು ಬೆಳಕಿನಲ್ಲಿ ಕೂರಿಸಿರಿ. ಕೈಯೊಳಗಿನ ಫೋನಿನಲ್ಲಿ ಸಾವಿರಾರು ಚಿತ್ರಗಳಿರಬಹುದು. ಅವುಗಳಲ್ಲಿ ಕಾಗದಕ್ಕೆ ಬಂದವು ಎಷ್ಟೆಂದು ಎಣಿಸಿದರೆ, ಆಲ್ಬಮ್ಮಿಗೆ ಹತ್ತು ಚಿತ್ರಗಳೂ ಹೆಚ್ಚೇ ಎಂಬುದು ತಿಳಿಯುವುದು.