ಕೊಬ್ಬಲ್ಲ, ಕಾಯಿಲೆ

ಖಿನ್ನತೆ ಅನ್ನೋ ಪದವನ್ನ ನಮ್ಮೂರಲ್ಲಿ ಯಾರೂ ಬಳಸಲ್ಲ. ದೊಡ್ಡವರು ಮಂಕಾದ್ರೆ ‘ಏನೋ ಮನಸ್ಸಿಗೆ ಹಚ್ಕೊಂಡಿದಾನೆ’ ಅಂತಾರೆ. ಹದಿನೈದರ ಹುಡುಗ ಮಂಕಾದ್ರೆ ಮಾತ್ರ ಇರೋದು ಒಂದೇ ಪದ, ಕೊಬ್ಬು.

ಹೋದ ವರ್ಷ ನನ್ನ ಅಕ್ಕನ ಮಗನಿಗೂ ಇದೇ ಬಿರುದು ಸಿಕ್ಕಿತ್ತು. ಕ್ರಿಕೆಟ್ ಬಿಟ್ಟ. ರಾತ್ರಿ ನಿದ್ದೆ ಇಲ್ಲ. ಯಾರು ಮಾತಾಡಿಸಿದ್ರೂ ಸಿಡುಕು. ‘ಎಸ್ಸೆಸ್ಸೆಲ್ಸಿ ವರ್ಷ ಕಣೋ, ನೀನಾದ್ರೂ ಬುದ್ಧಿ ಹೇಳು’ ಅಂದ್ಲು ಅಕ್ಕ. ಮಕ್ಕಳಲ್ಲಿ ಖಿನ್ನತೆ ಎಷ್ಟೋ ಸಲ ದುಃಖಕ್ಕಿಂತ ಸಿಡುಕಾಗಿಯೇ ಕಾಣುತ್ತೆ ಅಂತ ಓದಿದ್ದೆ. ಬುದ್ಧಿ ಆಮೇಲೆ ಹೇಳೋಣ, ಮೊದಲು ಡಾಕ್ಟರಿಗೆ ತೋರಿಸೋಣ ಅಂದೆ.

ಮನೋವೈದ್ಯರು ಮಾತ್ರೆ ಬರೆದಾಗ ಭಾವ ನನ್ನನ್ನ ಕೇಳಿದ್ರು, ‘ರಕ್ತ ಪರೀಕ್ಷೆ ಮಾಡ್ದೇನೇ ಮಿದುಳಲ್ಲಿ ಏನು ಕಡಿಮೆ ಅಂತ ಹೆಂಗೆ ಗೊತ್ತಾಯ್ತಪ್ಪಾ?’

ಒಳ್ಳೇ ಪ್ರಶ್ನೆ. ‘ಸೆರೊಟೋನಿನ್ ಕಮ್ಮಿ ಆದ್ರೆ ಖಿನ್ನತೆ’ ಅನ್ನೋ ಕಥೆ ನಮ್ಮಂಥ ಇಂಜಿನಿಯರುಗಳಿಗೆ ಬಲು ಇಷ್ಟ. ಟ್ಯಾಂಕಲ್ಲಿ ನೀರಿಲ್ಲ, ತುಂಬಿಸು, ಮುಗೀತು. ಆದ್ರೆ ಹಾಗೆ ಅಳೆದು ಖಿನ್ನತೆ ಹೇಳೋ ಪರೀಕ್ಷೆ ಇಲ್ಲ. ಫ್ಲುಯೊಕ್ಸೆಟಿನ್‌ನಂಥ ಮಾತ್ರೆ ನರಕೋಶಗಳ ನಡುವಿನ ಸೆರೊಟೋನಿನ್ ಮೇಲೆ ಕೆಲವೇ ಗಂಟೆಗಳಲ್ಲಿ ಕೆಲಸ ಶುರು ಮಾಡುತ್ತೆ. ಮನಸ್ಸು ಹಗುರಾಗೋಕೆ ವಾರಗಳೇ ಬೇಕು. ಬರೀ ಟ್ಯಾಂಕಿನ ಸಮಸ್ಯೆ ಆಗಿದ್ರೆ ಅವತ್ತೇ ಸರಿಹೋಗ್ಬೇಕಿತ್ತಲ್ವಾ?

ಹಾಗಂತ ಮಾತ್ರೆ ಸುಳ್ಳಲ್ಲ. ಅಮೆರಿಕದಲ್ಲಿ 12ರಿಂದ 17 ವರ್ಷದ 439 ಮಕ್ಕಳನ್ನು ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯ್ತು. 12 ವಾರದಲ್ಲಿ, ಔಷಧಿಯೇ ಇಲ್ಲದ ಹುಸಿ ಮಾತ್ರೆ ತಗೊಂಡವರಲ್ಲಿ ಶೇ. 35, ಫ್ಲುಯೊಕ್ಸೆಟಿನ್ ತಗೊಂಡವರಲ್ಲಿ ಶೇ. 61, ಮಾತ್ರೆ ಜೊತೆ ಮಾತಿನ ಚಿಕಿತ್ಸೆಯೂ ಸಿಕ್ಕವರಲ್ಲಿ ಶೇ. 71 ಮಕ್ಕಳು ಸುಧಾರಿಸಿದ್ರು. ಅದೇ ವರ್ಷ ಅಲ್ಲಿನ ಎಫ್‌ಡಿಎ, ಇಂಥ ಮಾತ್ರೆಗಳಿಂದ ಕೆಲವು ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಅಂತ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನೂ ಹಾಕಿಸ್ತು.

ಎರಡೂ ನಿಜ. ಅದಕ್ಕೇ ಡಾಕ್ಟರು ಅಕ್ಕನಿಗೆ ಹೇಳಿದ್ದು: ಮಾತ್ರೆ ನೀವೇ ಕೊಡಿ, ಡಬ್ಬಿ ಅವನ ಕೈಗೆ ಬಿಡ್ಬೇಡಿ, ನೀವಾಗೇ ನಿಲ್ಲಿಸ್ಬೇಡಿ, ಮೊದಲ ವಾರಗಳಲ್ಲಂತೂ ಕಣ್ಣಿಟ್ಟಿರಿ, ಕೌನ್ಸೆಲಿಂಗ್ ತಪ್ಪಿಸ್ಬೇಡಿ. ಎರಡು ತಿಂಗಳಾದ ಮೇಲೆ ಹುಡುಗ ತಾನಾಗೇ ಬ್ಯಾಟ್ ಹುಡುಕಿದ. ಪೂರ್ತಿ ಸರಿಹೋಗಿಲ್ಲ, ಆದ್ರೆ ನಿದ್ದೆ ಮಾಡ್ತಾನೆ.

ನಿಮ್ಮನೇಲೂ ಇಂಥ ಮಗು ಇದ್ರೆ ಎರಡೇ ಪ್ರಶ್ನೆ ಕೇಳಿ. ನಿದ್ದೆ ಬರ್ತಿದೆಯಾ? ಮೊದಲು ಇಷ್ಟ ಇದ್ದಿದ್ದು ಈಗಲೂ ಇಷ್ಟಾನಾ? ಎರಡು ವಾರದಿಂದ ಉತ್ತರ ‘ಇಲ್ಲ’ ಅಂತಲೇ ಇದ್ರೆ ಡಾಕ್ಟರಿಗೆ ತೋರಿಸಿ. ಎಲ್ಲಿಂದ ಶುರು ಮಾಡೋದು ಅಂತ ತಿಳೀದಿದ್ರೆ ಸರ್ಕಾರದ ಟೆಲಿ-ಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.