ಯಾವ ಜನ ಅಂತೆ?

2022ರ ಜುಲೈ, ತುಳುನಾಡಿನ ಆಟಿ ತಿಂಗಳ ಮಳೆ. ಬೆಳ್ಳಾರೆಯಲ್ಲಿ ಕೊಲೆಯಾಯಿತಂತೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಪಕ್ಕದ ಸೀಟಿನವರು ಕೇಳಿದ ಮೊದಲ ಮಾತು: "ಯಾವ ಜನ ಅಂತೆ?" ಉತ್ತರ ಸಿಕ್ಕಿದ ಮೇಲೆಯೇ "ಛೆ, ಪಾಪ" ಎಂದರು. ಪ್ರಾಯವೆಷ್ಟು, ಮನೆಯಲ್ಲಿ ಯಾರಿದ್ದಾರೆ ಎಂಬುದೆಲ್ಲ ಆಮೇಲೆ. ಕೆಟ್ಟ ಮನುಷ್ಯರಲ್ಲ ಅವರು. ನನ್ನ ನಾಲಿಗೆಯ ತುದಿಯಲ್ಲೂ ಅದೇ ಪ್ರಶ್ನೆ ಇತ್ತು.

*

ಹತ್ತೇ ದಿನಗಳಲ್ಲಿ ಮೂವರು. ಕಳಂಜದಲ್ಲಿ 19ರಂದು ಪೆಟ್ಟು ತಿಂದ ಹುಡುಗ 21ರಂದು ತೀರಿಕೊಂಡ. 26ರ ರಾತ್ರಿ ಬೆಳ್ಳಾರೆಯಲ್ಲಿ ಕೋಳಿ ಅಂಗಡಿಯ ಯುವಕ, ಬಿಜೆಪಿ ಯುವ ಮೋರ್ಚಾದವ. 28ರ ರಾತ್ರಿ ಸುರತ್ಕಲ್ಲಿನ ಬಟ್ಟೆ ಅಂಗಡಿಯೆದುರು ಇನ್ನೊಬ್ಬ. ಹೆಸರು ಬರೆಯುತ್ತಿಲ್ಲ. ಹೆಸರು ಕಂಡರೆ ಮರುಕ ಹಂಚಿಹೋಗುತ್ತದೆ.

*

28ರಂದು ಆಗಿನ ಮುಖ್ಯಮಂತ್ರಿ ಬೊಮ್ಮಾಯಿ, ಬೆಳ್ಳಾರೆಯಲ್ಲಿ ಸತ್ತ ಯುವಕನ ನೆಟ್ಟಾರಿನ ಮನೆಗೆ ಬಂದು 25 ಲಕ್ಷ ರೂಪಾಯಿಯ ಚೆಕ್ ಕೊಟ್ಟರು. ಬರಬೇಕಾದದ್ದೇ, ಕೊಡಬೇಕಾದದ್ದೇ. ಆದರೆ ಅಲ್ಲೇ ಆಸುಪಾಸಿನ ಇನ್ನೊಂದು ಸಾವಿನ ಮನೆಯ ಕಡೆಗೆ ಕಾರು ತಿರುಗಲಿಲ್ಲ. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮ ಕಡೆ ಮದುವೆಗೆ ಕರೆಯಬೇಕು, ಸಾವಿಗೆ ಸುದ್ದಿ ಕೇಳಿದರೆ ಸಾಕು. ಗಡಿ ತಕರಾರಿನಲ್ಲಿ ವರ್ಷಗಟ್ಟಲೆ ಮಾತು ಬಿಟ್ಟವರೂ ಬಂದು ಅಂಗಳದ ಮೂಲೆಯಲ್ಲಿ ನಿಲ್ಲುತ್ತಾರೆ. ಮನೆಯವರು ಕುರ್ಚಿ ಕೊಡುತ್ತಾರೆ. ಇಡೀ ರಾಜ್ಯಕ್ಕೆ ಹಿರಿಯನಾದವನಿಗೆ ಅಂಗಳ ಆರಿಸುವ ಹಕ್ಕು ಎಲ್ಲಿಂದ ಬಂತು?

*

ಫೋನಿನ ಸ್ಟೇಟಸ್‌ಗಳು. 26ಕ್ಕೆ ದೀಪದ ಚಿತ್ರ ಹಾಕಿದವರು 28ಕ್ಕೆ ಸುಮ್ಮನಿದ್ದರು. 28ಕ್ಕೆ ನ್ಯಾಯ ಕೇಳಿದವರು 26ಕ್ಕೆ ಏನೂ ಬರೆದಿರಲಿಲ್ಲ. ಎರಡೂ ದಿನ ಬರೆದವರು ಒಬ್ಬರೇ, ನಿವೃತ್ತ ಟೀಚರು. ಫೋನ್ ಮಾಡಿದೆ. "ಮೂವರೂ ನನ್ನ ಹತ್ತಿರ ಅಕ್ಷರ ಕಲಿಯಬಹುದಾಗಿದ್ದ ಪ್ರಾಯದವರು ಮಾರಾಯ್ರೆ" ಎಂದರು.

*

ಸರ್ಕಾರ ಬದಲಾಯಿತು. ನೆಟ್ಟಾರಿನ ಯುವಕನ ಹೆಂಡತಿಗೆ ಸಿಕ್ಕಿದ್ದ ತಾತ್ಕಾಲಿಕ ಕೆಲಸ ಹೋಯಿತು. ಗಲಾಟೆಯಾದ ಮೇಲೆ, ಮಾನವೀಯತೆಯ ನೆಲೆಯಲ್ಲಿ ಮತ್ತೆ ಕೊಡುತ್ತೇವೆ ಎಂದರು ಹೊಸ ಸರ್ಕಾರದವರು. ಆ ನೆಲೆ ಮೊದಲೇ ಯಾಕೆ ಕಾಣಲಿಲ್ಲ?

2023ರ ಜೂನ್ 19ರಂದು ಹೊಸ ಮುಖ್ಯಮಂತ್ರಿ ಸಿದ್ದರಾಮಯ್ಯ, ಪರಿಹಾರ ಸಿಗದೆ ಬಿಟ್ಟುಹೋಗಿದ್ದ ಕಳಂಜದ, ಸುರತ್ಕಲ್ಲಿನ ಆ ಎರಡು ಸಾವಿನ ಮನೆಗಳಿಗೂ ಕಾಟಿಪಳ್ಳದಲ್ಲಿ ಕೊಲೆಯಾದ ಇನ್ನಿಬ್ಬರ ಮನೆಗಳಿಗೂ ತಲಾ 25 ಲಕ್ಷ ಕೊಟ್ಟರು. ಕಾಟಿಪಳ್ಳದ ಒಬ್ಬ 2018ರಲ್ಲಿ ಕೊಲೆಯಾದ ಹಿಂದೂ ಯುವಕ. ಮರುದಿನ ಹೋಟೆಲಿನಲ್ಲಿ ಎದುರು ಕೂತವರು ಪೇಪರ್ ಓದಿ ಬೆರಳು ಮಡಚಿದರು: "ನಾಲ್ಕರಲ್ಲಿ ನಮ್ಮವ ಒಬ್ಬನೇ." ಚಹಾ ಬಂತು. ನಾನು ಅವರ ಮಡಚಿದ ಒಂದು ಬೆರಳನ್ನೂ ಮಡಚದೆ ಉಳಿದ ಮೂರನ್ನೂ ನೋಡುತ್ತ ಕೂತೆ.